ಒಣಗಿದ ಹನಿಯ ಸಾಕ್ಷಿ

2022ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ಗೋವಂಡಿಯಲ್ಲಿ ಶುರುವಾದ ದಡಾರ ಸುತ್ತಲಿನ ಊರುಗಳಿಗೂ ಹಬ್ಬಿತು. ಭಿವಂಡಿಯಲ್ಲಿ ಮಕ್ಕಳು ಸತ್ತರು. ಠಾಣೆ ನಿಲ್ದಾಣದ ಪೂರ್ವಕ್ಕಿರುವ ಕೋಪರಿಯಿಂದ ಡೊಂಬಿವಿಲಿ, ಕಲ್ಯಾಣದವರೆಗೆ, ಖಾಡಿಯ ಆಚೆಗೆ ನವಿಮುಂಬೈವರೆಗೆ, ಪಾಲಿಕೆಗಳ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆ ತಿರುಗಬೇಕಾಯಿತು. ಇಂಥ ತಿರುಗಾಟದಲ್ಲಿ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಮಗುವಿಗೆ ಜ್ವರ ಬಂದು ಮೈಮೇಲೆ ಗಂದೆ ಎದ್ದಿದೆಯೇ? ಲಸಿಕೆ ಹಾಕಿಸಿದ್ದೀರಾ?

ಮೊದಲ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಎರಡನೆಯದಕ್ಕೆ ಕಾರ್ಡು ಬೇಕು. ಕೂಲಿ ಹುಡುಕಿಕೊಂಡು ಬಂದ ಮನೆಗಳಲ್ಲಿ ಕಾರ್ಡು ಸಿಗುವುದು ಕಷ್ಟ. ಅದು ಊರಲ್ಲೇ ಉಳಿದಿರುತ್ತದೆ, ಮಳೆಗಾಲದಲ್ಲಿ ನೆನೆದು ಹರಿದಿರುತ್ತದೆ, ಗುಡಿಸಲು ತೆರವಾದಾಗ ಕಳೆದುಹೋಗಿರುತ್ತದೆ. ಕಾಲಿಗೋ ತೋಳಿಗೋ ಒಂದು ಸೂಜಿ ಹಾಕಿದ್ದು ತಾಯಿಗೆ ನೆನಪಿರುತ್ತದೆ, ಅದು ಯಾವುದರ ಸೂಜಿ ಎಂಬುದು ನೆನಪಿರುವುದಿಲ್ಲ. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರುವುದೂ ಇಲ್ಲ.

ಆದರೆ ಮಗುವಿನ ರಕ್ತದಲ್ಲಿ ಒಂದು ದಾಖಲೆ ಉಳಿದಿರುತ್ತದೆ. ದಡಾರ ಬಂದು ಹೋಗಿದ್ದರೂ, ಲಸಿಕೆ ಬಿದ್ದು ಅದು ಹಿಡಿದಿದ್ದರೂ, ಆ ರೋಗದ ವಿರುದ್ಧದ ಪ್ರತಿಕಾಯಗಳು ಅಲ್ಲಿ ಇರುತ್ತವೆ. ಅದನ್ನು ಓದಲು ರಕ್ತನಾಳಕ್ಕೆ ಸೂಜಿ ಚುಚ್ಚಿ, ಸೀಸೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸಾಗಿಸಲೇಬೇಕೆಂದಿಲ್ಲ. ಬೆರಳ ತುದಿಯ ಒಂದೆರಡು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಒಣಗಿಸಿ ಲಕೋಟೆಯಲ್ಲಿ ಕಳಿಸಿದರೂ ಪ್ರಯೋಗಾಲಯ ಓದಬಲ್ಲದು. ಈ ಸರಳ ಉಪಾಯಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ, ಅದರಲ್ಲಿ ಬೆಂಗಳೂರು ಮೈಸೂರುಗಳಿಗೂ ಒಂದು ಪಾಲಿದೆ. ಹಾಗಿದ್ದೂ ದಡಾರದ ಮಟ್ಟಿಗೆ ಅದು ಇಂದಿಗೂ ಎರಡನೇ ಆಯ್ಕೆಯಾಗಿಯೇ ಉಳಿದಿದೆ.

ದಡಾರವನ್ನು ದೇಹ ಮರೆಯುವುದಿಲ್ಲ ಎಂಬುದು ಪ್ರತಿಕಾಯ ಎಂಬ ಮಾತು ಹುಟ್ಟುವ ಮೊದಲೇ ಗೊತ್ತಾಗಿತ್ತು. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೇರೋ ದ್ವೀಪಗಳಿಗೆ ದಡಾರ ನುಗ್ಗಿತು. 7,782 ಜನರಿದ್ದ ಆ ದ್ವೀಪಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಎಂಬ ಯುವ ವೈದ್ಯನನ್ನು ಅಲ್ಲಿಗೆ ಕಳಿಸಿತು. ಆತ ದೋಣಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರಿಗೆ ಯಾವ ದಿನ ಗಂದೆ ಎದ್ದಿತು, ಅದಕ್ಕೆ ಮುಂಚೆ ಅವರು ಯಾರ ಮನೆಗೆ ಹೋಗಿದ್ದರು ಎಂದು ಬರೆದುಕೊಂಡ. ಸೋಂಕು ತಗಲಿದ ದಿನಕ್ಕೂ ಗಂದೆ ಕಾಣುವ ದಿನಕ್ಕೂ ನಡುವೆ ಸುಮಾರು ಎರಡು ವಾರದ ಅಂತರವಿದೆ ಎಂದು ಕಂಡುಕೊಂಡ. ಇನ್ನೂ ದೊಡ್ಡ ಸಂಗತಿಯೊಂದು ಮುದುಕರಿಂದ ತಿಳಿಯಿತು. ಆ ದ್ವೀಪಗಳಿಗೆ ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಆಗ ಕಾಯಿಲೆ ಬಿದ್ದು ಬದುಕಿದವರಲ್ಲಿ ಒಬ್ಬರಿಗೂ 65 ವರ್ಷಗಳ ನಂತರ ಅದು ಮರಳಿ ಬಂದಿರಲಿಲ್ಲ. ಪಾನುಮ್ ಬಳಿ ಪ್ರಯೋಗಾಲಯವಿರಲಿಲ್ಲ, ಮುದುಕರ ಮಾತೇ ಅವನ ಪುರಾವೆ. ಇಂದಿನ ರಕ್ತಪರೀಕ್ಷೆ ಕೇಳುವುದೂ ಮೂಲತಃ ಅದೇ ಪ್ರಶ್ನೆಯನ್ನು.

ಆ ನೆನಪನ್ನು ಇಂದು ಎರಡು ಬಗೆಯ ಪ್ರತಿಕಾಯಗಳಲ್ಲಿ ಓದುತ್ತಾರೆ. ಮೊದಲನೆಯದು ಐಜಿಎಂ. ಗಂದೆ ಏಳುವ ಹೊತ್ತಿಗೆ ಅದು ರಕ್ತದಲ್ಲಿ ಕಾಣಿಸಿಕೊಂಡು, ಕೆಲವು ವಾರ ಇದ್ದು, ಮರೆಯಾಗುತ್ತದೆ. ಅದು ಸಿಕ್ಕಿತೆಂದರೆ ಈಗಿರುವುದು ದಡಾರವೇ. ಗಂದೆ ಎದ್ದ ಮೊದಲ ಎರಡು ಮೂರು ದಿನಗಳಲ್ಲಿ ಮಾತ್ರ ಅದು ಕೆಲವರಲ್ಲಿ ತಪ್ಪಿಸಿಕೊಳ್ಳಬಹುದು. ಎರಡನೆಯದು ಐಜಿಜಿ. ಅದು ನಿಧಾನವಾಗಿ ಏರಿ ಬಹುಕಾಲ, ಹೆಚ್ಚಿನವರಲ್ಲಿ ಜೀವನಪೂರ್ತಿ, ಉಳಿಯುತ್ತದೆ. ಒಂದು ಊರಿನ ಎಷ್ಟು ಮಕ್ಕಳಿಗೆ ರಕ್ಷಣೆಯಿದೆ ಎಂದು ತಿಳಿಯಬೇಕಾದರೆ ಐಜಿಜಿಯನ್ನು ಅಳೆಯಬೇಕು. ದಡಾರ, ರುಬೆಲ್ಲಾ, ಡೆಂಗ್ಯೂ ಮೂರರಲ್ಲೂ ಮೈಮೇಲೆ ಗಂದೆ ಏಳಬಹುದಾದ್ದರಿಂದ ಬರೀ ಕಣ್ಣಿನ ಸಾಕ್ಷಿ ಸಾಲದು. ನಮ್ಮ ಹಳ್ಳಿಗಳಲ್ಲಿ ಇಂಥದ್ದನ್ನೆಲ್ಲ ಒಟ್ಟಾಗಿ ‘ಅಮ್ಮ’ ಎಂದು ಕರೆದು ಬೇವಿನ ಸೊಪ್ಪು ಕಟ್ಟುತ್ತಿದ್ದರು. ಮರಾಠಿಯಲ್ಲಿ ದಡಾರಕ್ಕೆ ಗೋವರ್ ಎಂಬ ಪ್ರತ್ಯೇಕ ಹೆಸರಿದ್ದರೂ ಗಂದೆ ನೋಡಿ ನಿಖರವಾಗಿ ಹೇಳುವುದು ಅಲ್ಲಿಯೂ ಸುಲಭವಲ್ಲ.

ಇದನ್ನು ಇಷ್ಟು ನಿಖರವಾಗಿ ತಿಳಿಯುವ ಅಗತ್ಯವೇನು ಎಂದು ಕೇಳಬಹುದು. ಮನುಷ್ಯರ ರೋಗಗಳಲ್ಲಿ ಅತಿ ವೇಗವಾಗಿ ಹರಡುವವುಗಳಲ್ಲಿ ದಡಾರ ಒಂದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ತಗಲಬಹುದು ಎಂಬುದು ರೂಢಿಯ ಲೆಕ್ಕ. ಅದನ್ನು ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆ ಇರಬೇಕು. ಜಿಲ್ಲೆಯ ಸರಾಸರಿ ಚೆನ್ನಾಗಿದ್ದು ಒಂದು ಚಾಳಿನಲ್ಲಿ ಮಾತ್ರ 70 ಇದ್ದರೆ, ರೋಗ ಹುಡುಕಿಕೊಂಡು ಹೋಗುವುದು ಆ ಚಾಳನ್ನೇ. ಬಂದು ಹೋದ ಮೇಲೂ ಅದು ಸುಮ್ಮನಿರುವುದಿಲ್ಲ. ನೆದರ್ಲೆಂಡ್ಸಿನಲ್ಲಿ ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ 77 ಮಕ್ಕಳ ರಕ್ತವನ್ನು ಕಾಯಿಲೆಗೆ ಮೊದಲೂ ನಂತರವೂ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಗಳ ವಿರುದ್ಧ ಆ ಮಕ್ಕಳಲ್ಲಿದ್ದ ಪ್ರತಿಕಾಯಗಳ ಸಂಗ್ರಹದಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿತ್ತು. ದಡಾರ ತನ್ನ ನೆನಪನ್ನು ದೇಹದಲ್ಲಿ ಗಟ್ಟಿಯಾಗಿ ಉಳಿಸುತ್ತದೆ, ಉಳಿದ ರೋಗಗಳ ನೆನಪನ್ನು ಒರೆಸಿಹಾಕುತ್ತದೆ. ದಡಾರ ಇಳಿದ ಮೇಲೆ ವಾಂತಿಭೇದಿಗೋ ನ್ಯುಮೋನಿಯಾಕ್ಕೋ ಬಲಿಯಾಗುವ ಮಕ್ಕಳ ಕಥೆಯ ಹಿಂದೆ ಇದೂ ಒಂದು ಕಾರಣ.

ರಕ್ತವನ್ನು ಕಾಗದದ ಮೇಲೆ ಒಣಗಿಸುವ ವಿದ್ಯೆ ಹುಟ್ಟಿದ್ದು ದಡಾರಕ್ಕಾಗಿ ಅಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿದ್ದ ರಸಾಯನ ವಿಜ್ಞಾನಿ ಐವಾರ್ ಬಾಂಗ್ 1913ರ ಹೊತ್ತಿಗೆ ರಕ್ತದ ಸಕ್ಕರೆಯನ್ನು ಅಳೆಯಲು ಫಿಲ್ಟರ್ ಪೇಪರಿನ ಚೂರುಗಳನ್ನು ಬಳಸಿದ್ದ. ಆಮೇಲಿನ ದಶಕಗಳಲ್ಲಿ ಕೆಲವರು ಕಾಗದದ ಮೇಲೆ ಒಣಗಿದ ರಕ್ತದಿಂದಲೇ ಸಿಫಿಲಿಸ್ ಪರೀಕ್ಷೆ ಮಾಡಿ ನೋಡಿದರು. ಪ್ರತಿಕಾಯಗಳು ಒಣಗಿದ ಮೇಲೂ ಕೆಲಸಕ್ಕೆ ಬರುತ್ತವೆ ಎಂಬುದಕ್ಕೆ ಅವೇ ಮೊದಮೊದಲ ಪುರಾವೆಗಳು.

ಈ ಉಪಾಯವನ್ನು ಲಕ್ಷಾಂತರ ಮಕ್ಕಳ ಮಟ್ಟಕ್ಕೆ ಒಯ್ದವನು ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿ. ಅವನ ಮಗನೊಬ್ಬನಿಗೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು. ಹೆಂಡತಿಯ ಸೋದರಿಯ ಮಗಳಿಗೆ ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುದೋಷವಿತ್ತು. ಹುಟ್ಟಿದ ಕೂಡಲೇ ಪತ್ತೆಯಾದರೆ ಆಹಾರ ಬದಲಿಸಿ ಮಿದುಳನ್ನು ಉಳಿಸಬಹುದಾದ ಕಾಯಿಲೆ ಅದು. ಆ ಮಗುವಿಗೆ ಅದು ಗೊತ್ತಾಗುವ ಹೊತ್ತಿಗೆ ಒಂದು ವರ್ಷ ದಾಟಿಹೋಗಿತ್ತು. ಗಥ್ರಿ ಹಸುಗೂಸಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ಒಸರಿದ ರಕ್ತವನ್ನು ಫಿಲ್ಟರ್ ಪೇಪರಿಗೆ ಹೀರಿಸಿ, ಆ ಕಾಗದದ ಚೂರನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲಿಟ್ಟ. ರಕ್ತದಲ್ಲಿ ದೋಷವಿದ್ದರೆ ಚೂರಿನ ಸುತ್ತ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆಯುತ್ತಿತ್ತು. ಆತ ಮತ್ತು ಸಹೋದ್ಯೋಗಿ ಏಡಾ ಸೂಸಿ ಬರೆದ ಪ್ರಬಂಧ 1963ರಲ್ಲಿ ಪ್ರಕಟವಾಯಿತು. ಹೆರಿಗೆ ಮನೆಯಲ್ಲಿ ತೆಗೆದ ಮಾದರಿ ಮಾಮೂಲು ಅಂಚೆಯಲ್ಲಿ ದೂರದ ಪ್ರಯೋಗಾಲಯಕ್ಕೆ ಹೋಗುವಂತಾಯಿತು.

ಕರ್ನಾಟಕಕ್ಕೆ ಈ ಕಾಗದ ಬಂದದ್ದು 1980ರಲ್ಲಿ. ಭಾರತದಲ್ಲಿ ನವಜಾತ ಶಿಶುಗಳ ದೊಡ್ಡ ಪ್ರಮಾಣದ ತಪಾಸಣೆಯ ಮೊದಲ ಪ್ರಯತ್ನ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿರಾವ್ ಮತ್ತು ಎ. ರಾಧಾ ರಮಾದೇವಿ ಅದರ ಮುಂಚೂಣಿಯಲ್ಲಿದ್ದರು. ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಹಿಮ್ಮಡಿಯಿಂದ ಹನಿ ರಕ್ತ ಕಾಗದಕ್ಕೆ ಬಂತು. ಆ ದಶಕದಲ್ಲಿ ಹೀಗೆ ತಪಾಸಣೆಗೊಂಡ ಕೂಸುಗಳ ಸಂಖ್ಯೆ ಒಂದು ಲಕ್ಷ ದಾಟಿತು. ಅಮೈನೋ ಆಮ್ಲಗಳ ಹುಟ್ಟುದೋಷಗಳನ್ನು ಹುಡುಕುವುದು ಮೂಲ ಉದ್ದೇಶ. ಜೊತೆಗೆ ತಂದೆತಾಯಿಯರ ಸಂಬಂಧವನ್ನೂ ಬರೆದುಕೊಂಡದ್ದರಿಂದ ಇನ್ನೊಂದು ಚಿತ್ರವೂ ಸಿಕ್ಕಿತು. ಸುಮಾರು ಮೂರರಲ್ಲೊಂದು ಮದುವೆ ಸೋದರಮಾವನ ಜೊತೆಗೋ ಅತ್ತೆ ಮಾವನ ಮಕ್ಕಳ ಜೊತೆಗೋ ಆದ ರಕ್ತಸಂಬಂಧದ ಮದುವೆಯಾಗಿತ್ತು. ಲಂಡನ್ನಿನಲ್ಲಿದ್ದ ಅಲನ್ ಬಿಟ್ಟಲ್ಸ್ ಅವರೊಡನೆ ಸೇರಿ ಬರೆದ ಪ್ರಬಂಧಗಳ ಮೂಲಕ ಈ ವಿವರ ಹೊರಜಗತ್ತಿಗೆ ತಲುಪಿತು. ಸೌಕರ್ಯಗಳು ಕಡಿಮೆಯಿದ್ದ ಕಾಲದಲ್ಲಿ, ಜನಜಂಗುಳಿಯ ಸರ್ಕಾರಿ ಹೆರಿಗೆ ವಾರ್ಡುಗಳಿಂದಲೂ ಲಕ್ಷಗಟ್ಟಲೆ ಮಾದರಿಗಳನ್ನು ಕಾಗದದ ಮೇಲೆ ತರಬಹುದು ಎಂದು ಕರ್ನಾಟಕ ಆಗಲೇ ತೋರಿಸಿಕೊಟ್ಟಿತ್ತು.

ದಡಾರದ ವಿಜ್ಞಾನ ಈ ಹೊತ್ತಿಗೆ ಬೇರೊಂದು ದಾರಿಯಲ್ಲಿ ಸಾಗಿತ್ತು, ಅದರ ಮೂಲದಲ್ಲೂ ಒಬ್ಬ ಹುಡುಗನ ರಕ್ತವೇ ಇತ್ತು. 1954ರಲ್ಲಿ ಬಾಸ್ಟನ್ ಬಳಿಯ ವಸತಿ ಶಾಲೆಯೊಂದರಲ್ಲಿ ದಡಾರ ಕಾಣಿಸಿಕೊಂಡಾಗ ಜಾನ್ ಎಂಡರ್ಸ್ ಅವರ ಪ್ರಯೋಗಾಲಯದ ಥಾಮಸ್ ಪೀಬಲ್ಸ್ ಅಲ್ಲಿಗೆ ಹೋಗಿ ಕಾಯಿಲೆಯ ಹುಡುಗರ ರಕ್ತ ತಂದರು. 13 ವರ್ಷದ ಹುಡುಗನೊಬ್ಬನ ರಕ್ತದಿಂದ ವೈರಸ್ ಪ್ರತ್ಯೇಕವಾಗಿ ಬೆಳೆಯಿತು. ಅವನ ಮನೆತನದ ಹೆಸರಿನಿಂದಲೇ ಆ ತಳಿಗೆ ಎಡ್ಮನ್‌ಸ್ಟನ್ ಎಂಬ ಹೆಸರು ಬಂತು. ಅದನ್ನು ಪಳಗಿಸಿ ಮಾಡಿದ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದೂ 1963ರಲ್ಲೇ. ಭಾರತದಲ್ಲಿ ಮಕ್ಕಳಿಗೆ ಹಾಕುವ ಲಸಿಕೆಯ ತಳಿ ಎಡ್ಮನ್‌ಸ್ಟನ್-ಝಾಗ್ರೆಬ್ ಕೂಡ ಅದೇ ವಂಶದ್ದು. ನಮ್ಮ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 1985ರಲ್ಲಿ.

ಕಾಗದದ ದಾರಿ, ದಡಾರದ ದಾರಿ ಎರಡೂ ಕೂಡಲು ಇನ್ನೊಂದು ಸಾಧನ ಬೇಕಿತ್ತು. 1971ರಲ್ಲಿ ಸ್ಟಾಕ್‌ಹೋಮಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಎಲಿಸಾ ಪರೀಕ್ಷೆಯನ್ನು ಪ್ರಕಟಿಸಿದರು. ಪ್ರತಿಕಾಯ ಇದ್ದರೆ ಪ್ಲಾಸ್ಟಿಕ್ ಗುಳಿಯಲ್ಲಿನ ದ್ರವ ಬಣ್ಣ ತಾಳುತ್ತದೆ, ಬಣ್ಣದ ಗಾಢತೆಯೇ ಅಳತೆ. ಇದಕ್ಕೆ ಕೆಲವು ಮೈಕ್ರೋಲೀಟರ್ ಸೀರಮ್ ಸಾಕು, ಅಂದರೆ ಹನಿಯೊಂದರ ಸಣ್ಣ ಭಾಗ. ಒಣಗಿದ ಹನಿ ಪರೀಕ್ಷೆಗೆ ಸಾಲುವಷ್ಟಾಯಿತು. 2001ರಲ್ಲಿ ನೆದರ್ಲೆಂಡ್ಸಿನ ರಿಕ್ ಡಿ ಸ್ವಾರ್ಟ್ ಮತ್ತು ಸಂಗಡಿಗರು ಸುಡಾನ್‌ನಲ್ಲಿ ಸಂಗ್ರಹಿಸಿದ ಮಾದರಿಗಳ ಬಗ್ಗೆ ಬರೆದರು. ಫಿಲ್ಟರ್ ಪೇಪರಿನಲ್ಲಿ ಒಣಗಿದ ಒಂದೇ ರಕ್ತದ ಕಲೆಯಿಂದ ದಡಾರದ ಐಜಿಎಂ ಪ್ರತಿಕಾಯವನ್ನೂ ವೈರಸ್ಸಿನ ಆನುವಂಶಿಕ ವಸ್ತುವನ್ನೂ ಪತ್ತೆ ಮಾಡಬಹುದಿತ್ತು. ಕಾಯಿಲೆ ದಡಾರವೇ ಎಂಬುದು ಮೊದಲನೆಯದರಿಂದ ತಿಳಿಯುತ್ತದೆ, ಅದು ಎಲ್ಲಿಂದ ಬಂದ ವೈರಸ್ ಎಂಬ ಸುಳಿವು ಎರಡನೆಯದರಿಂದ.

ಕೆಲಸ ನಡೆಯುವ ಬಗೆ ಹೀಗೆ. ಬೆರಳ ತುದಿಯನ್ನೋ ಕೂಸಾದರೆ ಹಿಮ್ಮಡಿಯನ್ನೋ ಒರೆಸಿ ಒಮ್ಮೆ ಚುಚ್ಚುತ್ತಾರೆ. ಹತ್ತಿಯ ನಾರಿನಿಂದ ಮಾಡಿದ ದಪ್ಪ ಕಾರ್ಡಿನ ಮೇಲೆ ಅಚ್ಚಾದ ವೃತ್ತಗಳಿಗೆ ರಕ್ತವನ್ನು ಮುಟ್ಟಿಸುತ್ತಾರೆ. ಒಂದೇ ಹನಿ ತಾನಾಗಿ ಹರಡಿ ವೃತ್ತವನ್ನು ತುಂಬಬೇಕು. ಹನಿಯ ಮೇಲೆ ಹನಿ ಬಿದ್ದರೆ, ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದರೆ, ಅಳತೆ ಕೆಡುತ್ತದೆ. ಕಾರ್ಡನ್ನು ಬಿಸಿಲಿಗೆ ಹಿಡಿಯದೆ, ಫ್ಯಾನಿನ ಕೆಳಗೂ ಇಡದೆ, ಅಡ್ಡಲಾಗಿ ಇಟ್ಟು ಮೂರು ನಾಲ್ಕು ಗಂಟೆಯಾದರೂ ನೆರಳಲ್ಲಿ ಒಣಗಿಸಬೇಕು. ಆಮೇಲೆ ತೇವ ಹೀರುವ ಪೊಟ್ಟಣದೊಂದಿಗೆ ಗಾಳಿಯಾಡದ ಚೀಲದಲ್ಲಿ ಮುಚ್ಚಬೇಕು. ಪ್ರಯೋಗಾಲಯದಲ್ಲಿ ಕಲೆಯಿಂದ ಕೆಲವು ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಕತ್ತರಿಸಿ ದ್ರಾವಣದಲ್ಲಿ ನೆನೆಹಾಕುತ್ತಾರೆ. ಪ್ರತಿಕಾಯಗಳು ಕಾಗದ ಬಿಟ್ಟು ನೀರಿಗೆ ಇಳಿಯುತ್ತವೆ, ಮುಂದಿನದು ಎಲಿಸಾ.

ಒಣಗಿದ ರಕ್ತಕ್ಕೆ ದೊಡ್ಡ ಶತ್ರು ತೇವ. ತೇವ ತಗಲಿದರೆ ಪ್ರೋಟೀನು ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಠಾಣೆ ಖಾಡಿಯ ಎರಡೂ ದಡಗಳಲ್ಲಿ ಒಗೆದ ಬಟ್ಟೆಯೇ ದಿನಗಟ್ಟಲೆ ಒಣಗುವುದಿಲ್ಲ. ಪತ್ರೆಯ ಸೂರಿನ ಕೋಣೆಯಲ್ಲಿ ಕಾರ್ಡನ್ನು ಒಣಗಿಸುವುದೇ ಒಂದು ಜವಾಬ್ದಾರಿಯಾಗುತ್ತದೆ. ಕಾಗದದ ವಿಧಾನಕ್ಕೆ ಮಂಜುಗಡ್ಡೆ ಬೇಡ ನಿಜ, ಆದರೆ ಅದು ಕೇಳುವ ಜಾಗ್ರತೆ ಬೇರೆ ಬಗೆಯದು.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರನ್ನು ಸೇರಿಸಿ, ದಡಾರ ಮತ್ತು ರುಬೆಲ್ಲಾ ನಿಗಾಕ್ಕೆ ಒಣಗಿದ ರಕ್ತ ಮತ್ತು ಬಾಯಿಯ ದ್ರವದ ಮಾದರಿಗಳು ಎಷ್ಟು ನಂಬಬಹುದಾದವು ಎಂದು ಪರಿಶೀಲಿಸಿತು. ಎರಡೂ ಬಳಸಬಹುದಾದ ವಿಧಾನಗಳೇ, ಶೀತಲ ಸಾಗಣೆ ಕಷ್ಟವಾದ ಕಡೆ, ರಕ್ತನಾಳದಿಂದ ರಕ್ತ ಕೊಡಲು ಜನ ಒಪ್ಪದ ಕಡೆ ಅವು ನೆರವಾಗುತ್ತವೆ ಎಂಬ ನಿಲುವು ಹೊರಬಂತು. ಆದರೆ ಸೀರಮ್ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿರುವ ಕಡೆ ಅದನ್ನು ಬಿಡಬೇಕೆಂದು ಯಾರೂ ಹೇಳಲಿಲ್ಲ. ಇದಕ್ಕೆ ಕಾರಣಗಳಿವೆ. ಮಾರುಕಟ್ಟೆಯ ಪರೀಕ್ಷಾ ಕಿಟ್‌ಗಳನ್ನು ಸೀರಮ್ಮಿಗೆಂದೇ ತಯಾರಿಸಿರುತ್ತಾರೆ. ಕಾಗದಕ್ಕೆ ಬಳಸುವಾಗ ಪ್ರತಿ ಪ್ರಯೋಗಾಲಯವೂ ಮತ್ತೆ ತಾಳೆ ನೋಡಬೇಕು. ಬಿಲ್ಲೆ ಕತ್ತರಿಸಿ ನೆನೆಹಾಕುವುದು ಹೆಚ್ಚಿನ ಕೆಲಸ. ಪ್ರತಿಕಾಯ ಕಡಿಮೆಯಿರುವ ರಕ್ತದಲ್ಲಿ ಉತ್ತರ ಮಸುಕಾಗುವ ಅಪಾಯವೂ ಇದೆ.

ಭಾರತದಲ್ಲಿ ಪೋಲಿಯೊ ನಿಗಾದ ಜಾಲದ ಮೇಲೆಯೇ ದಡಾರದ ನಿಗಾವನ್ನೂ ಕಟ್ಟಲಾಯಿತು. ಆಶಾ ಕಾರ್ಯಕರ್ತೆಯಿಂದ ವೈದ್ಯಾಧಿಕಾರಿಯವರೆಗೆ ಜನರಿದ್ದರು, ಮಂಜುಗಡ್ಡೆಯ ಪೆಟ್ಟಿಗೆಗಳಿದ್ದವು, ಮಾದರಿ ಮುಟ್ಟಿಸುವ ದಾರಿಗಳಿದ್ದವು. ಹಾಗಾಗಿ ಇಲ್ಲಿ ಸೀರಮ್ಮೇ ಮುಖ್ಯ ಮಾದರಿಯಾಯಿತು. 2022ರಲ್ಲಿ ಮುಂಬೈ ಪ್ರದೇಶದ ಮಾದರಿಗಳು ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಹೋದವು. 1899ರಲ್ಲಿ ಪ್ಲೇಗ್ ಸಂಶೋಧನೆಗೆಂದು ಹಳೆಯ ಗವರ್ನರ್ ಬಂಗಲೆಯಲ್ಲಿ ಆರಂಭವಾದ ಸಂಸ್ಥೆ ಅದು. ಕೋಪರಿಯಂಥ ಜಾಗಕ್ಕೂ ಪರೇಲ್‌ಗೂ ನಡುವೆ ಇರುವುದು ಒಂದು ಲೋಕಲ್ ರೈಲಿನ ದೂರ. ಇಲ್ಲಿ ರೋಗ ಪತ್ತೆಗೆ ಕಾಗದ ಬೇಕೇ ಬೇಕು ಎನ್ನುವಂತಿಲ್ಲ. ಅದರ ಬೆಲೆ ಗೊತ್ತಾಗುವುದು ಇನ್ನೊಂದು ಪ್ರಶ್ನೆಯ ಮುಂದೆ: ಕಾಯಿಲೆ ಬೀಳದ, ಆಸ್ಪತ್ರೆಯ ಹತ್ತಿರ ಸುಳಿಯದ ಮಕ್ಕಳಲ್ಲಿ ಎಷ್ಟು ಮಂದಿಗೆ ರಕ್ಷಣೆ ಇಲ್ಲ?

ಇಂಥ ಪ್ರಶ್ನೆಗೆ ಕಾಗದ ಕೊಟ್ಟ ಉತ್ತರ ಇಡೀ ದೇಶದ ಲೆಕ್ಕವನ್ನೇ ಬದಲಿಸಿದ ಉದಾಹರಣೆ ಭಾರತದಲ್ಲೇ ಇದೆ, ಬೇರೆ ರೋಗದ ವಿಷಯದಲ್ಲಿ. 2005-06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಬೆರಳ ಹನಿಯನ್ನು ಕಾಗದದ ಮೇಲೆ ತೆಗೆದು ಎಚ್‌ಐವಿ ಪರೀಕ್ಷೆ ಮಾಡಲಾಯಿತು. ಅದುವರೆಗಿನ ಅಂದಾಜು ಹೆಚ್ಚಾಗಿ ಆಸ್ಪತ್ರೆಗೆ ಬರುವ ಗರ್ಭಿಣಿಯರು ಮತ್ತು ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ ಬರುವವರ ರಕ್ತವನ್ನು ಆಧರಿಸಿತ್ತು. ಮನೆ ಬಾಗಿಲಿನ ಹನಿ ಬೇರೆಯದನ್ನೇ ಹೇಳಿತು. ದೇಶದ ವಯಸ್ಕರಲ್ಲಿ ಸೋಂಕು ಶೇ. 0.28, ಕರ್ನಾಟಕದಲ್ಲಿ ಶೇ. 0.69, ಮಹಾರಾಷ್ಟ್ರದಲ್ಲಿ ಶೇ. 0.62. ಸುಮಾರು 52 ಲಕ್ಷ ಎಂದಿದ್ದ ಎಚ್‌ಐವಿ ಪೀಡಿತರ ಅಂದಾಜು ಈ ಸಮೀಕ್ಷೆಯನ್ನೂ ಇತರ ಮಾಹಿತಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ, 2007ರಲ್ಲಿ, ಸುಮಾರು 25 ಲಕ್ಷಕ್ಕೆ ಇಳಿಯಿತು. ಆಸ್ಪತ್ರೆಗೆ ಬಂದವರನ್ನು ನೋಡಿ ಇಡೀ ಊರನ್ನು ಅಳೆಯಬಾರದು ಎಂಬ ಪಾಠ ಅದರಿಂದ ಸಿಕ್ಕಿತು.

ಅದೇ ಸಮೀಕ್ಷೆ ಇನ್ನೊಂದು ಪಾಠವನ್ನೂ ಕಲಿಸಿತು. ಸ್ಥಳೀಯ ವಿರೋಧದಿಂದಾಗಿ ನಾಗಾಲ್ಯಾಂಡಿನಲ್ಲಿ ಎಚ್‌ಐವಿ ಪರೀಕ್ಷೆ ನಡೆಯಲೇ ಇಲ್ಲ. ಒಣಗಿದ ಹನಿ ವರ್ಷಗಟ್ಟಲೆ ಉಳಿಯಬಲ್ಲದು, ಮೊದಲು ಕೇಳದ ಪ್ರಶ್ನೆಗಳಿಗೂ ಆಮೇಲೆ ಉತ್ತರ ಕೊಡಬಲ್ಲದು. ಅದರ ಉಪಯೋಗವೂ ಅಪಾಯವೂ ಅದೇ. ಅಮೆರಿಕದ ಟೆಕ್ಸಸ್‌ನಲ್ಲಿ ನವಜಾತ ಶಿಶುಗಳ ತಪಾಸಣೆಯಲ್ಲಿ ಉಳಿದ ರಕ್ತದ ಕಾರ್ಡುಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಸಂಶೋಧನೆಗೆ ಇಟ್ಟುಕೊಂಡದ್ದು ನ್ಯಾಯಾಲಯಕ್ಕೆ ಹೋಯಿತು. 2009ರ ಕೊನೆಯಲ್ಲಿ ಆದ ರಾಜಿಯಂತೆ ಐವತ್ತು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನಾಶಮಾಡಬೇಕಾಯಿತು. ವಿಜ್ಞಾನಕ್ಕೆ ಅದೊಂದು ದೊಡ್ಡ ನಷ್ಟ, ಆದರೆ ಆ ನಷ್ಟ ತಪ್ಪಿಸಲು ಬೇಕಿದ್ದದ್ದು ಮೊದಲೇ ಒಮ್ಮೆ ಕೇಳುವ ಸೌಜನ್ಯ. ಬೆರಳಿಗೆ ಚುಚ್ಚುವುದು ಸುಲಭವಾದಷ್ಟೂ ಕೇಳದೆ ಚುಚ್ಚುವುದೂ ಸುಲಭವಾಗುತ್ತದೆ.

ದಡಾರಕ್ಕೆ ಬಂದರೆ, ಲಸಿಕೆಯ ದೊಡ್ಡ ಅಭಿಯಾನವೊಂದು ಕರ್ನಾಟಕದಿಂದಲೇ ಹೊರಟಿತು. 2017ರ ಫೆಬ್ರವರಿ 5ರಂದು ಕೇಂದ್ರ ಆರೋಗ್ಯ ಸಚಿವ ಜೆ. ಪಿ. ನಡ್ಡಾ ಬೆಂಗಳೂರಿನಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನಕ್ಕೆ ಚಾಲನೆ ಕೊಟ್ಟರು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳು ಮೊದಲ ಹಂತದ ಗುರಿಯಾಗಿದ್ದರು. ಹಿಂದೆ ಲಸಿಕೆ ಆಗಿದ್ದರೂ ಇಲ್ಲದಿದ್ದರೂ ಎಲ್ಲರಿಗೂ ಒಂದು ಡೋಸ್ ಎಂಬುದೇ ಅಭಿಯಾನದ ತತ್ವ. ಕಾರ್ಡು ಕೇಳುವ ಪ್ರಶ್ನೆಯನ್ನೇ ಅದು ಬದಿಗಿಟ್ಟಿತು. ಮಹಾರಾಷ್ಟ್ರದಲ್ಲಿ ಅದೇ ಅಭಿಯಾನ 2018ರ ನವೆಂಬರ್ ಕೊನೆಯಲ್ಲಿ ಆರಂಭವಾಯಿತು.

ಅಭಿಯಾನ ಮುಗಿದ ಮೇಲೆ ಎಷ್ಟು ಡೋಸ್ ಖರ್ಚಾಯಿತು ಎಂಬ ಲೆಕ್ಕ ಸಿಗುತ್ತದೆ. ಎಷ್ಟು ಮಕ್ಕಳಿಗೆ ರಕ್ಷಣೆ ಬಂತು ಎಂಬುದು ಬೇರೆಯ ಲೆಕ್ಕ. ಅದಕ್ಕಾಗಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ ಕೆಲವು ಜಿಲ್ಲೆಗಳ ಮಕ್ಕಳ ರಕ್ತವನ್ನು ಅಭಿಯಾನಕ್ಕೆ ಮೊದಲೂ ನಂತರವೂ ಪರೀಕ್ಷಿಸಿದರು. ಅವುಗಳಲ್ಲಿ ಒಂದು ಪಾಲ್ಘರ್, 2014ರವರೆಗೆ ಠಾಣೆ ಜಿಲ್ಲೆಯ ಭಾಗವಾಗಿದ್ದ ಪ್ರದೇಶ. ಅಭಿಯಾನದ ನಂತರ ಪ್ರತಿಕಾಯ ಇರುವ ಮಕ್ಕಳ ಪಾಲು ಏರಿದ್ದನ್ನು ಆ ಅಧ್ಯಯನ ತೋರಿಸಿತು. ಲಸಿಕೆ ಕೆಲಸ ಮಾಡಿದ್ದಕ್ಕೆ ಮಕ್ಕಳ ರಕ್ತವೇ ಸಾಕ್ಷಿಯಾಯಿತು.

ಈ ಸಾಕ್ಷಿಗೂ ಮಿತಿಗಳಿವೆ. ಐಜಿಜಿ ಇದೆ ಎಂದರೆ ರಕ್ಷಣೆ ಇದೆ, ಆದರೆ ಅದು ಲಸಿಕೆಯಿಂದ ಬಂದದ್ದೋ ರೋಗ ಅನುಭವಿಸಿ ಬಂದದ್ದೋ ಎಂದು ರಕ್ತ ಹೇಳುವುದಿಲ್ಲ. ದಡಾರದಿಂದ ಬದುಕುಳಿದ ಮಗುವೂ ಸಕಾಲಕ್ಕೆ ಚುಚ್ಚಿಸಿಕೊಂಡ ಮಗುವೂ ಎಲಿಸಾ ತಟ್ಟೆಯಲ್ಲಿ ಒಂದೇ ಬಣ್ಣ. ಒಂದು ಬಸ್ತಿಯಲ್ಲಿ ರಕ್ಷಣೆ ಚೆನ್ನಾಗಿದೆ ಎಂಬ ಫಲಿತಾಂಶದ ಹಿಂದೆ ಒಳ್ಳೆಯ ಲಸಿಕೆ ಕೇಂದ್ರವೂ ಇರಬಹುದು, ಯಾರೂ ಬರೆದುಕೊಳ್ಳದ ಸಾವುಗಳೂ ಇರಬಹುದು. ಹಸುಗೂಸುಗಳಲ್ಲಿ ಇನ್ನೊಂದು ತೊಡಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಉಳಿದಿರುತ್ತವೆ. ಅವು ಲಸಿಕೆಗೂ ಅಡ್ಡಬರುವುದರಿಂದಲೇ ಭಾರತದಲ್ಲಿ ಮೊದಲ ಡೋಸ್ ಒಂಬತ್ತು ತಿಂಗಳಿಗೆ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ, ಚಿಕ್ಕ ಕೂಸುಗಳಲ್ಲೇ ರೋಗ ಹೆಚ್ಚಿರುವ ಕಡೆ ಆರು ತಿಂಗಳು ತುಂಬಿದವುಗಳಿಗೂ ಹೆಚ್ಚುವರಿ ಡೋಸ್ ಕೊಡುವಂತೆ ಸೂಚಿಸಿತು. ಒಂಬತ್ತು ತಿಂಗಳವರೆಗೆ ಕಾಯಲು ಅಲ್ಲಿ ಸಮಯವಿರಲಿಲ್ಲ.

ಹೀಗೆ ಲೆಕ್ಕದಿಂದ ಜಾರುವ ಮಕ್ಕಳು ಹೆಚ್ಚಾಗಿ ದಾರಿಯಲ್ಲಿರುವ ಮಕ್ಕಳು. ಕಲಬುರಗಿ, ಸೊಲ್ಲಾಪುರ, ಪುಣೆ, ಕಲ್ಯಾಣ ಎಂಬ ಹೆಸರುಗಳು ಒಂದೇ ರೈಲು ದಾರಿಯ ನಿಲ್ದಾಣಗಳು. ಕಲ್ಯಾಣ ಕರ್ನಾಟಕದಿಂದ ಮುಂಬೈ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಟವರು ಈ ದಾರಿಯಲ್ಲೇ ಬರುತ್ತಾರೆ. ಮಗು ಹುಟ್ಟಿದ್ದು ಅಲ್ಲಿ, ತಾಯಿ ಕಾರ್ಡು ಕೊಟ್ಟದ್ದು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಒಂಬತ್ತನೇ ತಿಂಗಳು ತುಂಬುವುದು ಇಲ್ಲಿ, ಕಟ್ಟುತ್ತಿರುವ ಗೋಪುರದ ಕೆಳಗಿನ ತಗಡಿನ ಶೆಡ್ಡಿನಲ್ಲಿ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ‘ವಲಸೆ ಹೋಗಿದ್ದಾರೆ’, ಇಲ್ಲಿಯ ಪುಸ್ತಕದಲ್ಲಿ ಹೆಸರೇ ಇಲ್ಲ. ಹದಿನಾರನೇ ತಿಂಗಳಿನ ಎರಡನೇ ಡೋಸ್‌ನ ಹೊತ್ತಿಗೆ ಶೆಡ್ಡು ಇನ್ನೊಂದು ಕಡೆ ಎದ್ದಿರುತ್ತದೆ. ಎರಡೂ ಜಿಲ್ಲೆಗಳ ಅಂಕಿಅಂಶ ಚೆನ್ನಾಗಿರಬಹುದು, ನಡುವಿನ ಮಗು ಎರಡರಲ್ಲೂ ಇಲ್ಲ.

ಒಣಗಿದ ಹನಿಗೆ ಕಾರ್ಡು ಬೇಡ, ಭಾಷೆ ಬೇಡ, ವಿಳಾಸ ಬೇಡ. ಶೆಡ್ಡುಗಳ ಸಾಲಿನಿಂದ ಕೆಲವು ನೂರು ಹನಿಗಳನ್ನು ಒಂದು ವಾರದಲ್ಲಿ ತಂದು, ಅಲ್ಲಿ ನೂರರಲ್ಲಿ ಎಷ್ಟು ಮಕ್ಕಳಿಗೆ ರಕ್ಷಣೆ ಇಲ್ಲ ಎಂದು ರೋಗ ಬರುವ ಮೊದಲೇ ತಿಳಿಯಬಹುದು. ಮಗುವಿಗೂ ತಾಯಿಗೂ ಕಡಿಮೆ ಹಿಂಸೆ. ಕೆಲಸ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಿಲ್ಲ. ಗಥ್ರಿಯ ಕಾಗದ ಹೆರಿಗೆ ಮನೆಗೂ ಪ್ರಯೋಗಾಲಯಕ್ಕೂ ನಡುವಿನ ದೂರವನ್ನು ಕಡಿಮೆ ಮಾಡಿತ್ತು. ಇಲ್ಲಿ ಅದು ಮನೆಗೂ ಲೆಕ್ಕಕ್ಕೂ ನಡುವಿನ ದೂರವನ್ನು ಕಡಿಮೆ ಮಾಡಬಲ್ಲದು.

ಆದರೆ ಕಾಗದ ತಾನಾಗಿ ಬಾಗಿಲು ತಟ್ಟುವುದಿಲ್ಲ. ತಟ್ಟಿದವಳು ಆ ಮನೆಯ ಭಾಷೆಯಲ್ಲಿ ಯಾಕೆ ಚುಚ್ಚುತ್ತಿದ್ದೇನೆ ಎಂದು ಹೇಳಬೇಕು, ಬೇಡ ಎಂದರೆ ಕೇಳಿಸಿಕೊಳ್ಳಬೇಕು. ಇಂಥ ಸಮೀಕ್ಷೆಗಳ ಫಲಿತಾಂಶ ಶೇಕಡಾವಾರಾಗಿ ವರದಿ ಸೇರುವ ಹೊತ್ತಿಗೆ, ಹನಿ ಕೊಟ್ಟ ಮಗು ಬೇರೆ ಶೆಡ್ಡಿಗೆ ಹೋಗಿರುವ ಸಂಭವವೇ ಹೆಚ್ಚು. ಹನಿಯ ಸಾಕ್ಷಿ ಆ ಮಗುವಿನ ಉಪಯೋಗಕ್ಕೆ ಬರಬೇಕಾದರೆ ಉತ್ತರಕ್ಕಾಗಿ ಕಾಯದೆ ಅದೇ ಭೇಟಿಯಲ್ಲಿ ಲಸಿಕೆಯೂ ಜೊತೆಗಿರಬೇಕು. ಮೊದಲೇ ಆಗಿದ್ದರೂ ಇನ್ನೊಂದು ಡೋಸ್‌ನಿಂದ ಕೇಡಿಲ್ಲ ಎಂಬುದನ್ನು ಬೆಂಗಳೂರಿನಿಂದ ಹೊರಟ ಅಭಿಯಾನ ಕೋಟ್ಯಂತರ ಮಕ್ಕಳಲ್ಲಿ ತೋರಿಸಿದೆ. ದಡಾರ-ರುಬೆಲ್ಲಾ ನಿರ್ಮೂಲನೆಗೆ ಭಾರತ ಮೊದಲು 2020 ಎಂದಿತ್ತು, ಆಮೇಲೆ 2023 ಎಂದಿತು, ಈಗ 2026 ಎನ್ನುತ್ತಿದೆ. ಗಡುವು ಮುಂದೆ ಹೋಗುವುದು ಪರೀಕ್ಷೆಯ ಕೊರತೆಯಿಂದಲೂ ಅಲ್ಲ, ಲಸಿಕೆಯ ಕೊರತೆಯಿಂದಲೂ ಅಲ್ಲ. ಎರಡನ್ನೂ ಒಂದೇ ಚೀಲದಲ್ಲಿ ಹಿಡಿದು ಆ ತಗಡಿನ ಬಾಗಿಲವರೆಗೆ ನಡೆದು ಹೋಗುವ ಕೆಲಸ ಇನ್ನೂ ಬಾಕಿಯಿದೆ.